ಗಡ್ಡೆಗೆ ಮಾಡಿದ ಬಯಕೆ

ಹುಟ್ಟಿನಿಂದಲೂ ನಾನು ಸಪೂರ. ಮೀಂಜದ ತವರಿನಲ್ಲಿ ಅಣ್ಣಂದಿರು ನನ್ನನ್ನು ನುಗ್ಗೆಕೋಡು ಎಂದು ಕರೆಯುತ್ತಿದ್ದರು. ಮದುವೆಯಾಗಿ ಕುಂಬ್ಡಾಜೆ ಕಡೆಗೆ ಹೋದ ದಿನ ಅತ್ತೆ ನನ್ನ ಮುಂಗೈಯನ್ನು ಎರಡು ಬೆರಳುಗಳ ನಡುವೆ ಹಿಡಿದು ನೋಡಿ, "ಇವಳಿಗೆ ಮಕ್ಕಳ ಬಳೆಯೇ ಸಾಕಲ್ಲ ಮಾರಾಯ್ತಿ" ಎಂದು ಪಕ್ಕದವರೊಡನೆ ನಕ್ಕಿದ್ದರು. ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು. ನನ್ನ ಕೈಕಾಲಿನಲ್ಲಿ, ಕುತ್ತಿಗೆಯಲ್ಲಿ, ಮುಖದಲ್ಲಿ ಎಂದೂ ಮಾಂಸ ತುಂಬಲಿಲ್ಲ. ಹೊಟ್ಟೆ ಮಾತ್ರ ಬಂತು.

ನಾನು ಕಂಡದ್ದನ್ನೂ ಬೇರೆಯವರಿಂದ ಕೇಳಿದ್ದನ್ನೂ ಬೆರೆಸದೆ ಬರೆಯಲು ಪ್ರಯತ್ನಿಸುತ್ತೇನೆ. ಬೆರೆಸಿ ಮಾತಾಡಿದವರು ಆಗಲೇ ಬೇಕಾದಷ್ಟು ಮಂದಿ ಇದ್ದರು.

ಗಂಡನ ಮನೆಯವರದು ತೆಂಗಿನೆಣ್ಣೆಯ ಗಾಣ. ದಾರಿಯ ಬದಿಗೆ ಗಾಣದ ಕೊಟ್ಟಿಗೆ, ಅದರ ಹಿಂದೆ ಅಂಗಳ, ಆಮೇಲೆ ಮನೆ. ಮಾವ ತೀರಿಹೋಗಿದ್ದರು. ಮನೆಯಲ್ಲಿದ್ದದ್ದು ಅತ್ತೆ, ಅವರ ಒಬ್ಬನೇ ಮಗ, ಮತ್ತು ನಾನು. ಆ ಕಡೆಯ ಗುಡ್ಡಗಳಲ್ಲಿ ನಡುಕದ ಜ್ವರ ಹೊಸದಲ್ಲ. ಅದಕ್ಕೆ ಕ್ವಿನೈನ್ ಪುಡಿ ಅಂಚೆ ಕಚೇರಿಯಲ್ಲಿ ಸಿಗುತ್ತಿತ್ತಂತೆ. ನಾನು ಹೋದದ್ದು ಯುದ್ಧದ ಕಾಲದಲ್ಲಿ. ಆಗ ಅಕ್ಕಿಗೂ ಬಟ್ಟೆಗೂ ಬರ, ಕ್ವಿನೈನ್ ಅಂತೂ ಹೆಸರಿಗೂ ಇರಲಿಲ್ಲ. ಮೊದಲ ವರ್ಷದಲ್ಲೇ ನನಗೆ ಜ್ವರ ಹಿಡಿಯಿತು. ಒಂದು ದಿನ ಬಂದರೆ ಮರುದಿನ ಬಿಡುವು, ಮತ್ತೆ ಮರುದಿನ ಬರುವುದು. ಬಂದ ದಿನ ಕೊಬ್ಬರಿಯ ಗೋಣಿಗಳನ್ನು ಒಂದರ ಮೇಲೊಂದು ಹೊದ್ದು ನಡುಗುತ್ತಿದ್ದೆ, ಬಿಡುವಿನ ದಿನ ಎದ್ದು ಕೆಲಸ ಮಾಡುತ್ತಿದ್ದೆ. ಅತ್ತೆ ಕಷಾಯ ಕುದಿಸಿ ಕೊಡುತ್ತಿದ್ದರು. ಅವರು ನನ್ನನ್ನು ನೋಡಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೈಯಲ್ಲಿ ರಕ್ತ ಕಡಿಮೆಯಾಗುತ್ತ ಹೋಯಿತು. ಮುಟ್ಟು ನಿಂತಿತು. ಅದೇ ಸಮಯಕ್ಕೆ ಜ್ವರ ಬರುವುದೂ ಅಪರೂಪವಾಗಿ, ಹೊಟ್ಟೆ ಮುಂದೆ ಬರತೊಡಗಿತು. ಮೂರನ್ನೂ ಸೇರಿಸಿ ಅತ್ತೆ ಒಂದು ತೀರ್ಮಾನಕ್ಕೆ ಬಂದರು. ನಮ್ಮಲ್ಲಿ ಯಾರೇ ಆದರೂ ಅದೇ ತೀರ್ಮಾನಕ್ಕೆ ಬರುತ್ತಿದ್ದರು.

ಊರಿನ ಸೂಲಗಿತ್ತಿಯನ್ನು ಕರೆಸಿದರು. ಅವಳು ನನ್ನನ್ನು ಚಾಪೆಯ ಮೇಲೆ ಮಲಗಿಸಿ ಅಂಗೈಯಿಂದ ಒತ್ತಿ ನೋಡಿದಳು. ಎಡ ಪಕ್ಕೆಯ ಕೆಳಗೆ ಒತ್ತಿದಾಗ ನೋವಾಗಿ ನಾನು ಕೂಗಿದೆ.

"ಎಡಗಡೆ ಕೂತಿದೆ ಅಕ್ಕ, ಗಟ್ಟಿ ಉಂಟು. ಹೆಣ್ಣೇ."

ಅತ್ತೆಯ ಮುಖ ಸ್ವಲ್ಪ ಇಳಿಯಿತು. "ಆಗಲಿ, ಮೊದಲಿನದ್ದು ಹೆಣ್ಣಾದರೆ ಎಂತ. ಆಡುತ್ತದಾ ಕೇಳು ಅವಳ ಹತ್ರ."

ಸೂಲಗಿತ್ತಿ ನನ್ನ ಕಡೆ ತಿರುಗಿದಳು. ಆಡುವುದಿಲ್ಲ ಎಂದೆ. ನನಗೇನೂ ಗೊತ್ತಾಗುತ್ತಿಲ್ಲ, ಭಾರ ಮಾತ್ರ ಉಂಟು ಎಂದೆ. ಇಬ್ಬರೂ ನಕ್ಕರು.

"ಇವಳಿಗೆ ಎಂತ ಗೊತ್ತು? ನಾಚಿಕೆ!" ಎಂದರು ಅತ್ತೆ.

ಆಮೇಲೆಯೂ ಕೇಳಿದವರಿಗೆಲ್ಲ ನಾನು ಅದನ್ನೇ ಹೇಳಿದೆ. ಹೇಳಿದಷ್ಟೂ ಒಳ್ಳೆಯ ಸೊಸೆ ಎನ್ನಿಸಿಕೊಂಡೆ. ಕೊನೆಗೆ ನನಗೂ ಸಂಶಯ ಬಂತು. ಇಷ್ಟು ಮಂದಿ ಹೆತ್ತವರು ಹೇಳುವಾಗ ನನ್ನ ಮೈಯ ವಿಷಯ ನನಗಿಂತ ಅವರಿಗೇ ಗೊತ್ತಿರಬಹುದು ಅನ್ನಿಸಿತು. ಕೆಲಸ ಮಾಡುವಾಗ ಎಡಗೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಗಾಣದ ಎತ್ತು ಸುತ್ತುವುದನ್ನು ನೋಡುತ್ತ ಹುಡುಗಿಯರ ಹೆಸರುಗಳನ್ನು ಯೋಚಿಸಿದ್ದೂ ಉಂಟು.

ಏಳನೆಯ ತಿಂಗಳೆಂದು ಲೆಕ್ಕ ಹಾಕಿ ಬಯಕೆ ಮಾಡಿದರು. ನಮ್ಮ ಕಡೆ ಚೊಚ್ಚಲ ಬಸುರಿಗೆ ಮಾಡುವ ಶಾಸ್ತ್ರ ಅದು. ಹಸಿರು ಬಳೆ ತೊಡಿಸಿ, ಮಲ್ಲಿಗೆ ಮುಡಿಸಿ, ಮಣೆಯಲ್ಲಿ ಕೂರಿಸಿ, ಅವಳು ಆಸೆಪಡುವ ತಿಂಡಿಗಳನ್ನೆಲ್ಲ ಎಲೆ ತುಂಬ ಬಡಿಸುತ್ತಾರೆ. ನನಗೆ ಎರಡು ತುತ್ತಿಗೇ ಹೊಟ್ಟೆ ಬಿಗಿಯುತ್ತಿತ್ತು. "ಹೊಟ್ಟೆ ನೋಡು, ಕುಂಬಳಕಾಯಿ. ಕೈ ನೋಡು, ಅದರ ಬಳ್ಳಿ!" ಎಂದು ಒಬ್ಬರು ಹೇಳಿ ಎಲ್ಲರೂ ನಕ್ಕರು. ಊಟವಾದ ಮೇಲೆ ಅಮ್ಮ ಮತ್ತು ಚಿಕ್ಕಮ್ಮ ನನ್ನನ್ನು ತವರಿಗೆ ಕರಕೊಂಡು ಹೊರಟರು. ಹೆರಿಗೆ ತವರಿನಲ್ಲೇ ಆಗಬೇಕು. ಅತ್ತೆಯ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು: ಬಯಕೆಯಾಗಿ ಹೊಸ್ತಿಲು ದಾಟಿದವಳು ತಿರುಗಿ ಬರುವಾಗ ಕೈಯಲ್ಲಿ ಮಗು ಇರಬೇಕು. ಹೊರಡುವಾಗ ಅತ್ತೆ ಅದನ್ನೇ ಹೇಳಿ ಆಶೀರ್ವಾದ ಮಾಡಿದರು. "ಕೈ ತುಂಬಿಸಿಕೊಂಡು ಬಾ ಮಗಳೇ."

ತವರಿನಲ್ಲಿ ಅಮ್ಮ ನನಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸುತ್ತಿದ್ದರು. ಮೊದಲ ಸ್ನಾನದ ದಿನವೇ ಅವರ ಕೈ ನನ್ನ ಹೊಟ್ಟೆಯ ಮೇಲೆ ನಿಂತಿತು. ಆಮೇಲೆ ಎಣ್ಣೆ ಹಚ್ಚುವುದನ್ನು ಮುಂದುವರಿಸಿದರು. ಕೆಲವು ವಾರ ಹೀಗೇ ಹೋಯಿತು. ಒಂದು ದಿನ ಬಚ್ಚಲಿನಲ್ಲಿ ನನ್ನನ್ನು ನಿಲ್ಲಿಸಿ, ಬೆಳಕಿಗೆ ತಿರುಗಿಸಿ, ತುಂಬ ಹೊತ್ತು ನೋಡಿದರು.

"ಮಗು ಕೆಳಗಿನಿಂದ ಮೇಲೆ ಬೆಳೀತದೆ," ಎಂದರು. "ಇದು ಪಕ್ಕೆಯಿಂದ ಕೆಳಗೆ ಇಳಿದು ಬಂದದ್ದು. ಹೊಕ್ಕುಳಿನ ಕೆಳಗೆ ನಿನಗೆ ಎಂತದೂ ಇಲ್ಲ."

ಅಮ್ಮ ಸ್ನಾನ ಪೂರ್ತಿ ಮಾಡಿಸಿ, ತಲೆ ಒರೆಸಿ, ಆಮೇಲೆ ಹೊರಗೆ ಹೋಗಿ ಅಪ್ಪನಿಗೆ ಹೇಳಿದರು. ಅಪ್ಪ ನನ್ನನ್ನು ಮಂಜೇಶ್ವರದಿಂದ ರೈಲಿನಲ್ಲಿ ಮಂಗಳೂರಿಗೆ ಕರಕೊಂಡು ಹೋದರು. ರೈಲಿನಲ್ಲಿ ಒಬ್ಬಳು ಮುದುಕಿ ನನ್ನ ಹೊಟ್ಟೆ ನೋಡಿ ಎದ್ದು ಜಾಗ ಕೊಟ್ಟಳು. ಬೇಡ ಎನ್ನಲಾಗದೆ ಕೂತೆ.

ಆಸ್ಪತ್ರೆಯ ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಅಪ್ಪನನ್ನು ಒಳಗೆ ಕರೆದು, ಇದು ಬಸಿರಲ್ಲ, ಜ್ವರಗಡ್ಡೆ, ಎಂದರು. ಮಲೇರಿಯಾ ಬಂದು ಬಂದು ಎಡಗಡೆಯ ಗುಲ್ಮ ಊದಿಕೊಂಡಿದೆ, ರಕ್ತ ಇಲ್ಲದ್ದರಿಂದ ಮುಟ್ಟು ನಿಂತಿದೆ. ಹಳದಿ ಮಾತ್ರೆಗಳನ್ನು ಕೊಟ್ಟರು. ಬಿದ್ದರೆ, ಪೆಟ್ಟಾದರೆ, ಗಡ್ಡೆ ಒಡೆದು ಜೀವಕ್ಕೆ ಅಪಾಯ ಎಂದೂ ಹೇಳಿದರು. ಜೀವದ ಮಾತು ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ. ಇನ್ನು ಆ ಮನೆಗೆ ನಾನು ಹೇಗೆ ಹೋಗುವುದು ಎಂದಷ್ಟೇ ಯೋಚಿಸುತ್ತಿದ್ದೆ.

ಅಪ್ಪ ಗಂಡನ ಮನೆಗೆ ಹೋಗಿ ವಿಷಯ ತಿಳಿಸಿ ಬಂದರು. ಅಲ್ಲಿ ನಡೆದದ್ದನ್ನು ಅವರು ನನಗೆ ಪೂರ್ತಿ ಹೇಳಲಿಲ್ಲ. ಕೆಲವು ದಿನ ಕಳೆದು ಗಂಡ ಬಂದರು. ಜಗಲಿಯಲ್ಲಿ ಕೂತು, ಅಮ್ಮ ಕೊಟ್ಟ ಬೆಲ್ಲ ನೀರು ಕುಡಿದರು. ನಾನು ಬಾಗಿಲಿಗೆ ಬಂದು ನಿಂತಾಗ ನನ್ನ ಹೊಟ್ಟೆಯನ್ನು ನೋಡಿದರು, ಮುಖ ನೋಡಲಿಲ್ಲ.

"ಇಳಿದ ಹಾಗೆ ಕಾಣುವುದಿಲ್ಲವಲ್ಲ."

"ನಿಧಾನ ಇಳೀತದಂತೆ."

"ಅಮ್ಮ ಹೇಳ್ತಾರೆ, ಬರೆ ಹಾಕಿಸಿದರೆ ಬೇಗ ಇಳೀತದೆ ಅಂತ. ಪೂರ್ತಿ ಇಳಿದ ಮೇಲೆ ಬರುವ ವಿಷಯ ನೋಡುವ ಅಂತ."

ಅವರು ಕೆಟ್ಟವರಲ್ಲ. ಎಂದೂ ಕೈ ಎತ್ತಿದವರಲ್ಲ, ಸ್ವರವನ್ನೂ ಎತ್ತಿದವರಲ್ಲ. ಅಮ್ಮ ಹೇಳುತ್ತಾರೆ ಎನ್ನುವಲ್ಲಿಗೆ ಅವರ ಮಾತು ಮುಗಿಯುತ್ತಿತ್ತು.

ಬರೆ ಹಾಕಿಸಿಕೊಳ್ಳುತ್ತೇನೆ ಎಂದವಳು ನಾನೇ. ನನ್ನ ಅಮ್ಮ ಬೇಡವೆಂದು ಅತ್ತರು. ಬರೆ ಹಾಕುವ ಮುದುಕ ಅರಸಿನದ ಕೊಂಬನ್ನು ಕೆಂಡದಲ್ಲಿ ಕಾಯಿಸಿ ಎಡ ಪಕ್ಕೆಯ ಕೆಳಗೆ ಗೆರೆ ಗೆರೆಯಾಗಿ ಒತ್ತಿದ. ಚಿಕ್ಕಮ್ಮ ನನ್ನ ಕಾಲು ಹಿಡಿದಿದ್ದರು. ಗಡ್ಡೆ ಇಳಿಯಲಿಲ್ಲ, ಹುಣ್ಣು ಕೀವಾಯಿತು. ಹುಣ್ಣು ಒಣಗುವವರೆಗೆ ಸೆರಗು ತಾಗದಂತೆ ಬಗ್ಗಿ ನಡೆಯುತ್ತಿದ್ದೆ. ಹಾಗೆ ನಡೆದರೆ ಹೊಟ್ಟೆ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಹಳದಿ ಮಾತ್ರೆಯಿಂದ ಚರ್ಮವೂ ಹಳದಿಯಾಯಿತು. ಬಾವಿಕಟ್ಟೆಯಲ್ಲಿ ಸಿಕ್ಕಿದವರು, "ಇನ್ನೂ ಆಗಲಿಲ್ಲವಾ? ಹನ್ನೊಂದು ತಿಂಗಳಾಯಿತಲ್ಲ, ಆನೆಯಾ ಎಂತ?" ಎಂದರು. ಆಮೇಲೆ ನಿಧಾನವಾಗಿ ಗಡ್ಡೆ ಕರಗತೊಡಗಿದಾಗ ಅವರೇ ದನಿ ತಗ್ಗಿಸಿ, "ಎಂತ ಮಾಡಿದ್ದು ಅದನ್ನು?" ಎಂದು ಅಮ್ಮನನ್ನು ಕೇಳಿದರು.

ಈಗ ಎರಡು ಮನೆಗಳಿಗೂ ತಲೆನೋವಾದದ್ದು ಆ ಶಾಸ್ತ್ರ. ಹೆರಿಗೆಯಾಗಿದ್ದರೆ ಅಮೆ, ಅಂದರೆ ಹೆರಿಗೆಯ ಮೈಲಿಗೆ, ಕಳೆದು ಹೋಗಬಹುದಿತ್ತು. ಮಗು ಸತ್ತಿದ್ದರೆ ಸೂತಕ ಕಳೆದು, ಅದಕ್ಕೊಂದು ಶುದ್ಧ ಮಾಡಿಸಿ ಹೋಗಬಹುದಿತ್ತು. ನನಗೆ ಅಮೆಯೂ ಇಲ್ಲ, ಸೂತಕವೂ ಇಲ್ಲ. ಏನೂ ಆಗದವಳನ್ನು ಮನೆಗೆ ಸೇರಿಸಿಕೊಳ್ಳುವ ಕ್ರಮ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಪುರೋಹಿತರನ್ನು ಕೇಳಿದರಂತೆ. ಅವರು ಬಹಳ ಯೋಚಿಸಿ, "ಶಾಸ್ತ್ರದಲ್ಲಿ ಇದಕ್ಕೆ ಎಂತದೂ ಇಲ್ಲ. ಕೈಯಲ್ಲಿ ಒಂದು ಮಗು ಇದ್ದರೆ ಆಯಿತಲ್ಲ. ಯಾರದ್ದು ಅಂತ ಹೊಸ್ತಿಲು ಕೇಳುತ್ತದಾ?" ಎಂದರಂತೆ. ಅತ್ತೆಗೆ ಅದು ಒಪ್ಪಿಗೆಯಾಯಿತು. ಹೇಳಿ ಕಳಿಸಿದರು. ನನಗೂ ಒಪ್ಪಿಗೆಯಾಯಿತು. ಅಷ್ಟರಲ್ಲಿ ತವರಿನಲ್ಲಿ ಅತ್ತಿಗೆಯರ ಎದುರು ಕೂತು ಉಣ್ಣುವುದು ನನಗೆ ಸಾಕಾಗಿಹೋಗಿತ್ತು.

ಮಗು ಸಿಕ್ಕಿದ್ದು ಗಾಣಕ್ಕೆ ಕೊಬ್ಬರಿ ಹೊತ್ತು ತರುವ ಹೆಂಗಸಿನದು. ಎಳೆಯದು, ಕುತ್ತಿಗೆ ಇನ್ನೂ ನಿಂತಿರಲಿಲ್ಲ. ಅವಳು ಅಂಗಳದ ಹೊರಗೆ ಅದನ್ನು ನನ್ನ ಕೈಗೆ ಕೊಟ್ಟು, "ತಲೆ ಹಿಡಿಯಿರಿ ಅಕ್ಕ, ತಲೆ," ಎಂದಳು. ಆಗ ಮಧ್ಯಾಹ್ನ. ಗಾಣ ನಿಲ್ಲಿಸಿದ್ದರು. ಅಪ್ಪ ದಾರಿಯಲ್ಲೇ ನಿಂತರು. ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿದ್ದರು, ನಾಲ್ಕಾರು ಹೆಂಗಸರು ಪಕ್ಕದಲ್ಲಿದ್ದರು. ನಾನು ಬಲಗಾಲಿಟ್ಟು ಒಳಗೆ ಬಂದೆ. ಮಗು ಅಳತೊಡಗಿತು, ಬಾಯಿ ನನ್ನ ಎದೆಯ ಕಡೆ ತಿರುಗಿಸಿತು. ಯಾರೂ ಏನೂ ತಿಳಿಸದಿದ್ದ ಒಬ್ಬಳು ಅಜ್ಜಿ ಮೂಲೆಯಿಂದ ಗದರಿದಳು.

"ಎಂತ ನೋಡ್ತಾ ನಿಂತಿದ್ದಿ? ಹಾಲು ಕೊಡು ಮಗುವಿಗೆ!"

ಯಾರೋ ಬಾಯಿಗೆ ಸೆರಗು ಒತ್ತಿಕೊಂಡರು. ಅತ್ತೆ ತಟ್ಟೆ ಕೆಳಗಿಟ್ಟು, ಮಗುವನ್ನು ನನ್ನ ಕೈಯಿಂದ ತೆಗೆದು, ಅಂಗಳದಲ್ಲಿ ನಿಂತಿದ್ದ ತಾಯಿಗೆ ಕೊಟ್ಟರು. ಅವಳ ರವಕೆ ಒದ್ದೆಯಾಗಿತ್ತು. ಕೊಟ್ಟಿಗೆಯ ಗೋಡೆಗೆ ಒರಗಿ ಅಲ್ಲೇ ಹಾಲೂಡಿಸಿದಳು.

"ಒಳಗೆ ಬಾ," ಎಂದರು ಅತ್ತೆ. "ಅಕ್ಕಿ ನೆನೆಹಾಕಿ ಇಟ್ಟಿದ್ದೇನೆ." ಒಳಗೆ ಹೋಗಿ ಅರೆಯಲು ಕೂತೆ.

ಆದರೆ ನಾನು ಮಗು ಹಿಡಿದು ಹೊಸ್ತಿಲು ದಾಟಿದ್ದನ್ನು ಗುಡ್ಡದ ದಾರಿಯಲ್ಲಿ ಹೋಗುತ್ತಿದ್ದವರೂ ನೋಡಿದ್ದರು. ಮಗುವನ್ನು ಹಿಂದೆ ಕೊಟ್ಟದ್ದನ್ನು ನೋಡುವಷ್ಟು ಹೊತ್ತು ಅವರು ನಿಂತಿರಲಿಲ್ಲ. ಒಂದು ವಾರದೊಳಗೆ ಆಚೆ ಗುಡ್ಡದ ಇಬ್ಬರು ಹೆಂಗಸರು ಬಾಣಂತಿಯನ್ನು ನೋಡಲೆಂದು ಬಂದರು. ಕದಳಿ ಬಾಳೆಹಣ್ಣು ತಂದಿದ್ದರು, ಮತ್ತು ಮಗುವಿಗೆಂದು ಒಂದು ಹಳೆಯ ಮೆತ್ತನೆಯ ಮುಂಡು ಪಂಚೆಯನ್ನು ಹರಿದು, ಅಂಚು ಹೊಲಿದು, ಮಡಚಿ ತಂದಿದ್ದರು. ಬಟ್ಟೆ ಸಿಗದ ಆ ಕಾಲದಲ್ಲಿ ಅದು ಸಣ್ಣ ಉಡುಗೊರೆಯಲ್ಲ.

ನಾನು ಅಡಿಗೆಮನೆಯಲ್ಲಿದ್ದೆ. ಅತ್ತೆಯ ಮಾತು ಕೇಳಿಸಿತು.

"ಮಲಗಿದೆ. ಈಗಷ್ಟೇ ಮಲಗಿದ್ದು. ಏಳಿಸುವುದು ಬೇಡ."

"ಯಾರ ಹಾಗೆ ಉಂಟು? ಅಪ್ಪನ ಹಾಗೆಯಾ?"

"ಈಗಲೇ ಹೇಳ್ಲಿಕ್ಕಾಗುವುದಿಲ್ಲ," ಎಂದರು ಅತ್ತೆ.

ಕೈಯಲ್ಲಿದ್ದ ಹಿಟ್ಟನ್ನು ತೊಳೆದುಕೊಂಡೆ. ಕೋಪ ಬಂದಿರಲಿಲ್ಲ. ನಾಳೆ ಮತ್ತೊಬ್ಬರು ಬರುತ್ತಾರೆ, ನಾಡಿದ್ದು ಇನ್ನೊಬ್ಬರು, ಮಗು ಎಷ್ಟು ದಿನ ಮಲಗಿರುತ್ತದೆ ಎಂಬ ಯೋಚನೆ ಮಾತ್ರ ಬಂತು. ಹೊರಗೆ ಬಂದು ಅವರ ಮುಂದೆ ನಿಂತೆ.

"ಮಗು ಇಲ್ಲ. ಮಗು ಇರಲೂ ಇಲ್ಲ. ನನಗೆ ಜ್ವರಗಡ್ಡೆ ಇದ್ದದ್ದು. ಇನ್ನೂ ಸ್ವಲ್ಪ ಉಂಟು, ಇಲ್ಲಿ." ಎಡ ಪಕ್ಕೆಯ ಕೆಳಗೆ ಕೈಯಿಟ್ಟು ತೋರಿಸಿದೆ.

ಇಬ್ಬರೂ ನನ್ನ ಕೈಯಿದ್ದ ಜಾಗವನ್ನು ನೋಡಿದರು, ಆಮೇಲೆ ಅತ್ತೆಯನ್ನು ನೋಡಿದರು. ಅತ್ತೆ ಕಂಬದ ಕಡೆ ನೋಡುತ್ತಿದ್ದರು. ಹಿರಿಯವಳು ಬಾಳೆಹಣ್ಣನ್ನು ನನ್ನ ಕಡೆಗೆ ಸರಿಸಿದಳು. ಬಟ್ಟೆಯ ಮೇಲೆ ಕೈಯಿಟ್ಟಳು.

"ಇದು ನಾನು ತಕೊಂಡು ಹೋಗ್ಲಾ ಮಗಳೇ? ಬಟ್ಟೆಗೆ ಈಗ ಎಷ್ಟು ಕಷ್ಟ ಅಂತ ನಿನಗೆ ಗೊತ್ತುಂಟಲ್ಲ."

"ಹೌದು, ತಕೊಳ್ಳಿ," ಎಂದೆ.

ಅವರು ಗುಡ್ಡದ ತಿರುವು ದಾಟುವವರೆಗೆ ಅತ್ತೆ ಕೂತಲ್ಲಿಂದ ಏಳಲಿಲ್ಲ. ಮತ್ತೆ ತೀರಾ ಸಣ್ಣ ಸ್ವರದಲ್ಲಿ, "ನಾಲ್ಕು ದಿನ ಸುಮ್ಮನಿರ್ಲಿಕ್ಕೆ ಆಗ್ಲಿಲ್ಲವಾ ನಿನಗೆ? ನಾನೇ ಎಂತಾದರೂ ಹೇಳಿ ಮುಗಿಸ್ತಿದ್ದೆ," ಎಂದರು.

ಏನು ಹೇಳಿ ಮುಗಿಸುತ್ತಿದ್ದರು ಎಂಬುದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಇರದ ಮಗುವನ್ನು ಅವರು ಸಾಯಿಸಲಿದ್ದರು. ಅದಕ್ಕೆ ಸೂತಕ ಹಿಡಿಯಬಹುದಿತ್ತು, ಹಿಡಿದದ್ದನ್ನು ಕಳೆಯಲೂಬಹುದಿತ್ತು. ಅವರ ಕಣ್ಣಿನಲ್ಲಿ ನೀರಿತ್ತು. ಅದು ಯಾರಿಗಾಗಿ ಎಂದು ನಾನು ಕೇಳಲಿಲ್ಲ.