ಬೀಳುವುದರಲ್ಲಿ ಪಳಗಿದ ಹಾಸಿಗೆಯಣ್ಣ

ಮುದ್ರಣಾಲಯದ ಮೇಲಿನ ಮಹಡಿಯಲ್ಲಿ ನಮ್ಮ ಐಕಿಡೊ ಡೋಜೊ ಇದೆ. ಎದುರಾಳಿಯ ಕೈಹಿಡಿದು ತಿರುವಿ, ಆತನನ್ನು ಮರ್ಯಾದೆಯಿಂದ ನೆಲಕ್ಕೆ ಕಳಿಸುವುದನ್ನು ಕಲಿಸುವ ಗರಡಿ ಅನ್ನಿ. ಅಲ್ಲಿ ಇಬ್ಬರು ಬೋಧಕರಿದ್ದರು. ಹಿರಿಯರು ಔಷಧದಂಗಡಿಯಿಂದ ನಿವೃತ್ತರಾದ ದೊಡ್ಡಮ್ಮ. ನಲವತ್ತು ವರ್ಷ ಮಾತ್ರೆ ಎಣಿಸಿದ ಅವರ ಕಣ್ಣು ಈಗ ನಮ್ಮ ತಪ್ಪು ಎಣಿಸುತ್ತದೆ. ಇನ್ನೊಬ್ಬರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಯಾರು ಮೈಮೇಲೆ ಎರಗಿ ಬಂದರೂ ಮೇಷ್ಟ್ರ ಬಲಗಾಲು ಮೊದಲು ಬ್ರೇಕು ಹುಡುಕುತ್ತಿತ್ತು.

ಮೂರನೆಯವನಾಗಬೇಕೆಂದು ಒಳಗೊಳಗೇ ಹಂಬಲಿಸುತ್ತಿದ್ದವನು ಹಾಸಿಗೆಯಣ್ಣ. ವೃತ್ತಿಯಿಂದ ಹಾಸಿಗೆ ಹೊಲಿಯುವವನು. ಹರಿದ ಮ್ಯಾಟುಗಳಿಗೆ ಹೊಲಿಗೆ ಹಾಕಲು ಬಂದವನು, ಹೊಲಿಗೆ ಗಟ್ಟಿಯಿದೆಯೇ ನೋಡೋಣವೆಂದು ಅದರ ಮೇಲೊಮ್ಮೆ ಉರುಳಿದ. "ಇನ್ನೊಂದು ಸಲ ಬೀಳಪ್ಪ" ಎಂದರು ದೊಡ್ಡಮ್ಮ. ಅಣ್ಣ ಬಿದ್ದ. ಹತ್ತೊಂಬತ್ತು ವರ್ಷ ಬೀಳುತ್ತಲೇ ಇದ್ದ.

ನಮ್ಮಲ್ಲಿ ಎಲ್ಲರೂ ಮೊದಲು ಕಲಿಯುವುದು ಬೀಳುವುದನ್ನೇ. ಆಮೇಲೆ ಎಸೆಯಲು ಕಲಿಯುತ್ತಾರೆ. ಅಣ್ಣನಿಗೆ ಮಾತ್ರ ಆ ಬಡ್ತಿ ಸಿಗಲಿಲ್ಲ. ಪರೀಕ್ಷೆಯ ದಿನ ಎಸೆಯಿಸಿಕೊಳ್ಳಲು ಒಬ್ಬ ಜೊತೆಗಾರ ಬೇಕಲ್ಲ? ಅಣ್ಣ ಬಿದ್ದರೆ ಎಸೆದವನು ರಣಧೀರನಂತೆ ಕಾಣುತ್ತಿದ್ದ. ಊರಿನ ಅರ್ಧದಷ್ಟು ಕಪ್ಪು ಬೆಲ್ಟುಗಳು ಅವನ ಬೆನ್ನಿನ ಕೃಪೆ. "ಅಣ್ಣಾ, ನಾನಿನ್ನೂ ಮುಟ್ಟೇ ಇಲ್ಲ" ಎಂದು ಪೆಚ್ಚಾಗಿ ನಿಂತವರೂ ಉಂಟು.

"ಬೀಳೋದಕ್ಕೆ ಹತ್ತೊಂಬತ್ತು ವರ್ಷದ ಟ್ರೈನಿಂಗಾ? ನಮ್ಮಪ್ಪ ಮೆಟ್ಟಿಲ ಮೇಲೆ ಅರ್ಧ ನಿಮಿಷದಲ್ಲಿ ಕಲಿತ್ರು" ಎನ್ನುತ್ತಿದ್ದಳು ಅಣ್ಣನ ಹೆಂಡತಿ.

ಆ ವರ್ಷ ಮೇಷ್ಟ್ರು ಬೇರೆ ಊರಿಗೆ ಹೊರಟರು. ಅವರ ಮಂಗಳವಾರದ ತರಗತಿ ಅನಾಥವಾಯಿತು.

"ಭಾನುವಾರ ಪರೀಕ್ಷೆ. ಪಾಸಾದ್ರೆ ತರಗತಿ ನಿಂದು, ಇಲ್ಲಾಂದ್ರೆ ನಿಲ್ಲಿಸಿಬಿಡ್ತೀನಿ" ಎಂದರು ದೊಡ್ಡಮ್ಮ ಅಣ್ಣನಿಗೆ.

ಜೊತೆಗಾರನಾಗಿ ಅವರು ಆರಿಸಿದ್ದು ಬೀಗ ರಿಪೇರಿಯವನನ್ನು. ಸೇರಿ ಆರು ತಿಂಗಳಾಗಿತ್ತು, ಹಿಡಿದರೆ ಇಕ್ಕುಳದ ಹಿಡಿತ. ಸುಮ್ಮಸುಮ್ಮನೆ ಬಿದ್ದುಕೊಡುವ ದಾಕ್ಷಿಣ್ಯ ಆ ಮನುಷ್ಯನಿಗೆ ಇನ್ನೂ ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಇಪ್ಪತ್ತು ಜನ ಮಂಡಿಯೂರಿ ಕೂತಿದ್ದೆವು. ಬೀಗದವನು ಬಂದು ಅಣ್ಣನ ಮಣಿಕಟ್ಟು ಹಿಡಿದ. ಅಣ್ಣ ಗಂಭೀರವಾಗಿ ಒಂದು ಹೆಜ್ಜೆ ಇಟ್ಟ, ಸೊಂಟ ತಿರುಗಿಸಿದ, ಮತ್ತು ಬಿದ್ದ. ತಾನೇ! ಹತ್ತೊಂಬತ್ತು ವರ್ಷದ ಅಭ್ಯಾಸಕ್ಕೆ ಇವತ್ತು ಎಸೆಯುವವನು ಯಾರೆಂಬುದು ಹೊಳೆಯಲೇ ಇಲ್ಲ. ಆದರೆ ಬೀಗದವನು ಹಿಡಿದ ಕೈ ಬಿಟ್ಟಿರಲಿಲ್ಲ. ಅಣ್ಣ ಬಿದ್ದ ಸೆಳೆತಕ್ಕೆ ಸಿಕ್ಕಿ, ಅವನ ತಲೆಯ ಮೇಲಿಂದ ಹಾರಿ, ಕಿಟಕಿಯ ಬಳಿ ಅಂಗಾತ ಬಿದ್ದ.

ಅಣ್ಣ ಎದ್ದು ಕೈಮುಗಿದ. "ತಪ್ಪಾಯ್ತು ದೊಡ್ಡಮ್ಮ. ರೂಢಿಬಲ, ಬಿದ್ದುಬಿಟ್ಟೆ."

"ಇನ್ನೊಂದು ಸಲ."

ಈ ಸಲ ಪ್ರಾಣ ಹೋದರೂ ಬೀಳಬಾರದೆಂದು ಅಣ್ಣ ಹಲ್ಲುಕಚ್ಚಿ ನಿಂತ. ಬೀಗದವನು ಕೂದಲೆಳೆಯಷ್ಟೂ ಅಲುಗಲಿಲ್ಲ. ಅಣ್ಣ ತಿರುವಿದ, ಜಗ್ಗಿದ, ಬೆವತ.

"ನೋವಾಗ್ತಿದೆಯೇನೋ?" ದೊಡ್ಡಮ್ಮ ಕೇಳಿದರು.

"ಇಲ್ಲಮ್ಮ, ಅವರಿಗಾಗ್ತಿದೆ ಅನ್ಸುತ್ತೆ" ಎಂದ ಬೀಗದವನು.

"ಹಾಸಿಗೆಯಣ್ಣ, ನಿನಗೆ ಬಾರದ್ದನ್ನು ಯಾಕೆ ತೋರಿಸ್ತೀಯ? ಬರೋದನ್ನ ಮಾಡು" ಎಂದರು ದೊಡ್ಡಮ್ಮ.

ಅಣ್ಣ ಉಸಿರು ಬಿಟ್ಟ. ಆಮೇಲೆ ಮನಸಾರೆ ಬಿದ್ದ. ಬೀಗದವನು ಮತ್ತೆ ಕಿಟಕಿಯ ಬಳಿ ಪತ್ತೆಯಾದ. ಮೂರನೆಯ ಸಲ, ನಾಲ್ಕನೆಯ ಸಲವೂ ಅಲ್ಲೇ. ಐದನೆಯ ಸಲ ಹಿಡಿಯಲು ಅವನೇ ಒಪ್ಪಲಿಲ್ಲ.

ದೊಡ್ಡಮ್ಮ ಪೆನ್ನು ತೆಗೆದು ಪರೀಕ್ಷೆಯ ಹಾಳೆಗೆ ಸಹಿ ಹಾಕಿದರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕೇಳಿದಳು, "ಏನ್ರೀ, ಎಸೆದ್ರಾ?"

"ಬಿದ್ದೆ."

"ಅಯ್ಯೋ! ಹಾಗಾದ್ರೆ ಫೇಲು."

"ಪಾಸು. ಮಂಗಳವಾರದಿಂದ ನಾನೇ ಮೇಷ್ಟ್ರು."

ಅವಳು ಹತ್ತಿರ ಬಂದು ಗಂಡನ ಬಾಯಿ ಮೂಸಿದಳು. ಕುಡಿದಿರಲಿಲ್ಲ. "ನಂಗೂ ಒಂದು ಜೊತೆ ಆ ಗರಡಿಯ ಬಿಳಿ ಬಟ್ಟೆ ಹೊಲೀರಿ" ಎಂದಳು. "ಈ ವಿದ್ಯೆ ಏನೂಂತ ನಾನೂ ನೋಡ್ಬೇಕು."