ಅವರು ಉಳಿಸಿಕೊಂಡ ಬಿಸಿ ಕೋಣೆ, ನಾವು ಕೆಡವಿದ ಬಚ್ಚಲು

ಆಗೆಲ್ಲ ನಮ್ಮೂರು ಕುರ್ಡಿಯಲ್ಲಿ ಇಡೀ ಓಣಿಗೆ ಒಂದೇ ದೊಡ್ಡ ಬಚ್ಚಲು. ಅದು ನಮ್ಮ ಹಿತ್ತಲಿನಲ್ಲಿ, ನನ್ನ ಅಜ್ಜಿಯ ಸುಪರ್ದಿನಲ್ಲಿತ್ತು. ಮಣ್ಣಿನ ಗೋಡೆ, ಪರಸಿ ಕಲ್ಲಿನ ನೆಲ, ಹತ್ತಿಕಟ್ಟಿಗೆಯ ಹೊಗೆ, ಔಡಲೆಣ್ಣೆಯ ವಾಸನೆ. ಬಾಣಂತಿಯರಿಗೆ, ಕೂಸುಗಳಿಗೆ ನೀರು ಹಾಕುವವಳು ಅಜ್ಜಿಯೇ. ಒಳಗೆ ಬಂದ ಮೇಲೆ ಯಾರೂ ಜಗಳ ತೆಗೆಯುವಂತಿರಲಿಲ್ಲ. ಮಾತು ಬಿಟ್ಟ ಅತ್ತೆ ಸೊಸೆ ಬಂದರೆ ಒಬ್ಬರ ಬೆನ್ನನ್ನು ಇನ್ನೊಬ್ಬರ ಕೈಲಿ ಉಜ್ಜಿಸುತ್ತಿದ್ದಳು.

ಮೊನ್ನೆ ಮೊಮ್ಮಗಳು ಭಾಗ್ಯ ಫಿನ್‌ಲೆಂಡ್ ಎಂಬ ದೇಶದ ಪಾಠ ಓದಿದಳು. ಎರಡನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಅವಳು ತಡವರಿಸದೆ ಓದುವುದನ್ನು ಕೇಳಿ ಹಿಗ್ಗಿಹೋದೆ. ಅಲ್ಲಿ ಮನೆಮನೆಗೂ ಸೌನಾ ಎಂಬ ಬಿಸಿ ಕೋಣೆಯಂತೆ. ಕಾದ ಕಲ್ಲಿಗೆ ನೀರು ಸುರಿದು ಹಬೆಯಲ್ಲಿ ಕೂರುತ್ತಾರಂತೆ. ಹಿಂದೆ ಹೆರಿಗೆಯೂ ಅಲ್ಲೇ ಆಗುತ್ತಿತ್ತಂತೆ. ಅಲ್ಲೂ ಒಳಗೆ ಜಗಳ ಮಾಡಬಾರದಂತೆ. ನಾವೆಂದರೆ ಇದೇ ಎಂದು ಲೋಕಕ್ಕೆಲ್ಲ ಹೇಳಿಕೊಳ್ಳುತ್ತಾರಂತೆ! ಹಿಗ್ಗಿದ ಎದೆಯಲ್ಲೇ ಸಿಟ್ಟು ಉಕ್ಕಿತು.

ನನಗೆ ಒಂಬತ್ತು ವರ್ಷವಿದ್ದಾಗ ಅಕ್ಕ ಹೆರಿಗೆಗೆ ಬಂದಿದ್ದಳು. ಕೂಸು ನೋಡಲು ಅವಳ ಗಂಡನ ಅಣ್ಣ ಬಂದ. ರಾಯಚೂರಿನ ಕಚೇರಿಯಲ್ಲಿ ಕೆಲಸ, ಮೈಮೇಲೆ ಇಸ್ತ್ರಿ ಅಂಗಿ. ಹೊಗೆಗೆ ಮೂಗು ಮುಚ್ಚಿಕೊಂಡ.

"ಏನ್ರೀ ಬೀಗರ, ಇನ್ನಾ ಗವಿಯಾಗ ಇದ್ದೀರೇನು? ಓಣಿ ಹೆಂಗಸ್ರೆಲ್ಲ ನಿಮ್ಮ ಹಿತ್ತಲದಾಗ ಮೈ ತೊಳ್ಕೊಂತಾರ. ಮಂದಿ ಕೇಳಿದ್ರ ನಗ್ತಾರ್ರೀ."

ಅಪ್ಪ ಅವನ ಮುಂದೆ ಹಲ್ಲು ಗಿಂಜಿದ. ಮರುದಿನ ಬೆಳಿಗ್ಗೆ ಹಾರೆ ಹಿಡಿದು ಬಚ್ಚಲಿಗೆ ನಡೆದ.

"ಯಾರ್ನ ಕೇಳಿ ಕೆಡವಾಕತ್ತೀಯಲೇ?" ಅಜ್ಜಿ ಅಡ್ಡ ನಿಂತಳು.

"ಸುಮ್ನಿರಬೇ ಯವ್ವಾ. ಬೀಗರ ಮುಂದ ಮಾನ ಹೋತು."

"ಬಾಣಂತಿ ಒಳಗ ಮಲಗ್ಯಾಳ. ನಾಳಿ ಆಕಿಗೆ ಎಲ್ಲಿ ನೀರು ಹಾಕ್ಲಿ? ನಿನ್ನ ಮಾನದಾಗ ಹಾಕ್ಲೇನು?"

ಅಪ್ಪ ಹಾರೆ ಎತ್ತಿ ಹೊಡೆದ. ಮೊದಲ ಗೋಡೆ ಬಿತ್ತು. ಅಜ್ಜಿ ನನ್ನ ಕಡೆ ತಿರುಗಿದಳು.

"ನೀನರ ಹೇಳವ್ವ, ಇದು ನಾಚಿಗ್ಗೇಡಿ ಕೆಲಸೇನು?"

ಆ ಇಸ್ತ್ರಿ ಅಂಗಿಗೆ ಮರುಳಾಗಿದ್ದ ನಾನು "ಹೂಂ" ಅಂದೆ.

ಅಜ್ಜಿ ಪಕ್ಕಕ್ಕೆ ಸರಿದಳು. ಹಿತ್ತಲಲ್ಲಿ ತಟ್ಟಿ ಮರೆ ಕಟ್ಟಿ ಅಕ್ಕನ ಬಾಣಂತನ ಮುಗಿಸಿದ್ದೇ ಕೊನೆ, ಆಮೇಲೆ ಯಾರಿಗೂ ನೀರು ಹಾಕಲಿಲ್ಲ. ಕಲಿಸು ಎಂದು ನಾನೂ ಕೇಳಲಿಲ್ಲ. ಈಗ ಮನೆಮನೆಗೂ ಟೈಲ್ಸು, ಗೀಸರು. ಕೂಸನ್ನು ಕಾಲ ಮೇಲೆ ಮಲಗಿಸಿ ನೀರೆರೆಯುವ ಕೈ ಓಣಿಯಲ್ಲಿ ಒಂದೂ ಇಲ್ಲ. ಭಾಗ್ಯ ಹುಟ್ಟಿದಾಗ ಮಾನ್ವಿಯಿಂದ ಗುರುತಿಲ್ಲದ ಹೆಂಗಸನ್ನು ಕರೆಸಿದೆವು. ನಾನು ಟವೆಲ್ ಹಿಡಿದು ನಿಂತಿದ್ದೆ.

ಪಾಠದ ಕೊನೆಗೆ ಪ್ರಶ್ನೆಯಿತ್ತು: ನಿಮ್ಮ ಊರಿನ ಇಂಥದೊಂದು ಪದ್ಧತಿ ಬರೆಯಿರಿ.

"ಏನ್ ಬರೀಲಿ ಅಜ್ಜಿ?"

"ನಮ್ಮಪ್ಪನ ಹಿತ್ತಲದಾಗ ಓಣಿಗೆಲ್ಲ ಒಂದು ಬಚ್ಚಲಿತ್ತು, ಕೆಡವಿದ್ರು ಅಂತ ಬರಿ."

"ಯಾರು ಕೆಡವಿದ್ರು? ನಿಮ್ಮಪ್ಪನಾ?"

"ಹೂಂ. ನನ್ನ ಹೆಸರೂ ಸೇರಸು."