ತೆರಿಗೆ ತಿಂಗಳಿನ ಹುಂಜಗಳು

ನಮ್ಮ ಮನೆಯಲ್ಲಿ ಮಾರ್ಚ್ ತಿಂಗಳಿಗೆ ತೆರಿಗೆ ತಿಂಗಳು ಎಂದೇ ಹೆಸರಿತ್ತು. ಅಪ್ಪ ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ್. ವರ್ಷದ ಆದಾಯ ತೆರಿಗೆಯನ್ನು ಅವನ ಫೆಬ್ರವರಿ ಸಂಬಳದಲ್ಲಿ ಒಟ್ಟಿಗೇ ಮುರಿದುಕೊಳ್ಳುತ್ತಿದ್ದರು. ಉಳಿದದ್ದನ್ನು ಅವನು ತಂದು ಕೈಗಿಟ್ಟಾಗ ಅಮ್ಮ ಕವರನ್ನು ತಲೆಕೆಳಗು ಮಾಡಿ ಒಮ್ಮೆ ಕೊಡವಿ ನೋಡುತ್ತಿದ್ದಳು. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತಿದು. ಆ ತಿಂಗಳು ನಮ್ಮ ಸಾರಿನಲ್ಲಿ ಬೇಳೆಯನ್ನು ಹುಡುಕಿ ತಿನ್ನಬೇಕಿತ್ತು.

ಆದರೂ ತೆರಿಗೆ ಕಟ್ಟುವುದೆಂದರೆ ಅಪ್ಪನಿಗೆ ಒಳಗೊಳಗೇ ಬಿಂಕ. ಕುರಿ ಕಾಯುವ ನಮ್ಮ ವಂಶದಲ್ಲಿ ಸರ್ಕಾರವೇ ಕೈಯೊಡ್ಡಿ ದುಡ್ಡು ಕೇಳುವಷ್ಟು ದೊಡ್ಡವನಾದವನು ತಾನೊಬ್ಬನೇ ಅಲ್ಲವೇ! ಬೀದಿಯವರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ. ಹೊಟ್ಟೆ ಮಾತ್ರ ಆ ಹೊತ್ತಿಗೆ ಒಳಗೆ ಹೋಗಿರುತ್ತಿತ್ತು.

ಇಂಥ ಸಂಕಟದ ತಿಂಗಳಿಗೆ ಅಪ್ಪ ಒಂದು ಉಪಾಯ ಕಂಡುಕೊಂಡಿದ್ದ. ಶನಿವಾರ ಬೆಳಗಿನ ಶಾಲೆ ಮುಗಿದ ಕೂಡಲೇ ನಮ್ಮನ್ನೆಲ್ಲ ಹೊರಡಿಸಿ ಹೊಸದುರ್ಗದ ಬಸ್ಸು ಹತ್ತಿಸುತ್ತಿದ್ದ. ದಾರಿಯಲ್ಲಿ ಇಳಿದು ಹೊಲದ ಬದುವಿನ ಮೇಲೆ ಸ್ವಲ್ಪ ನಡೆದರೆ ಅವನ ಅಕ್ಕನ ಊರು. ಅವನ ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅತ್ತೆಯೇ. ಸೋಮವಾರ ಮೊದಲ ಬಸ್ಸಿಗೆ ನಾವು ವಾಪಸಾಗುವಾಗ ನಮ್ಮ ಚೀಲದಲ್ಲಿ ರಾಗಿಹಿಟ್ಟು, ಹುರುಳಿಕಾಳು, ತೆಂಗಿನಕಾಯಿ ಎಲ್ಲ ಇರುತ್ತಿದ್ದವು. ಬರುವ ಶನಿವಾರದವರೆಗೆ ಹೇಗೋ ನಡೆದುಹೋಗುತ್ತಿತ್ತು.

ಕೈ ಖಾಲಿಯಾಗಿದೆ ಎಂದು ಬಾಯಿಬಿಡಲು ಅಪ್ಪನಿಗೆ ಹೆಡ್‌ಮಾಸ್ಟರಿಕೆ ಅಡ್ಡ ಬರುತ್ತಿತ್ತು. ಒಂದು ವಾರ "ಹುಡುಗ್ರಿಗೆ ಹಳ್ಳಿ ಗಾಳಿ ಬೇಕಕ್ಕ" ಅನ್ನುವನು, ಇನ್ನೊಂದು ವಾರ ಭಾವನ ಕುರಿಗಳಿಗೆ ಏನೋ ರೋಗವಂತೆ, ನೋಡಿಹೋಗೋಣ ಅಂತ ಬಂದೆ ಅನ್ನುವನು. ಕುರಿಗಳು ಗಟ್ಟಿಮುಟ್ಟಾಗಿ ನಮ್ಮನ್ನೇ ನೋಡುತ್ತಿದ್ದವು.

ಅತ್ತೆಗೆ ಎಲ್ಲ ಗೊತ್ತಿತ್ತು. ಒಮ್ಮೆ ತೆರಿಗೆಯ ವಿಷಯವನ್ನು ಅವನ ಬಾಯಿಂದಲೇ ಬಿಡಿಸಿ ಕೇಳಿದ್ದಳು. "ನಿಮ್ಮ ಭಾವ ಜೋಗಿಮಟ್ಟಿ ಕಡೆ ಕುರಿ ಮೇಯ್ಸಾಕೆ ಫಾರೆಸ್ಟಿನೋರಿಗೆ ದುಡ್ಡು ಕಟ್ತಾನೆ. ನೀನು ಮಕ್ಕಳ್ನ ಮೇಯ್ಸಾಕೂ ಕಟ್ಬೇಕೇನಪ್ಪ?" ಅಂದಿದ್ದಳು. ಅಪ್ಪ ದೇಶ, ಯೋಜನೆ, ಅಣೆಕಟ್ಟು ಎಂದು ಪಾಠ ಶುರುಮಾಡಿದ. ಅಷ್ಟರಲ್ಲಿ ಅತ್ತೆ ಎದ್ದು ಕೋಳಿಗೂಡಿನ ಕಡೆ ನಡೆದಿದ್ದಳು.

ಸರ್ಕಾರ ಅಪ್ಪನ ಸಂಬಳಕ್ಕೆ ಕೈಹಾಕಿದರೆ ಅತ್ತೆ ಕೋಳಿಗೂಡಿಗೆ ಕೈಹಾಕುತ್ತಿದ್ದಳು. ಶಿವರಾತ್ರಿ ಮುಗಿಯಿತೆಂದರೆ ಯಾರು ಎಷ್ಟು ಕೊಡುತ್ತೇನೆಂದರೂ ಹುಂಜ ಮಾರುತ್ತಿರಲಿಲ್ಲ, "ನನ್ನ ತಮ್ಮ ಬರ್ತಾನೆ" ಅನ್ನುತ್ತಿದ್ದಳು. ಉಳಿದ ವರ್ಷವೆಲ್ಲ ಆ ತಮ್ಮ ಹಬ್ಬಕ್ಕೆ ಬಂದರೂ ಕೈಗಡಿಯಾರ ನೋಡಿಕೊಂಡೇ ಊಟ ಮಾಡುತ್ತಿದ್ದ. ಪರೀಕ್ಷೆ, ಮೀಟಿಂಗು, ಚುನಾವಣೆ ಕೆಲಸ ಎಂದು ಅವನಿಗೆ ಪುರಸೊತ್ತೇ ಇರುತ್ತಿರಲಿಲ್ಲ. ಮಾರ್ಚಿನಲ್ಲಿ ಮಾತ್ರ ಅವನು ಅಂಗಿ ಬಿಚ್ಚಿ ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಮಲಗುತ್ತಿದ್ದ, ಅತ್ತೆ ಪಕ್ಕದಲ್ಲಿ ಕುಳಿತು ಊರಿನ ಸುದ್ದಿಯನ್ನೆಲ್ಲ ಅವನ ಕಿವಿಗೆ ತುಂಬುತ್ತಿದ್ದಳು. ತೆರಿಗೆ ಕಟ್ಟುವ ತಿಂಗಳಲ್ಲೇ ನಾವು ಒಂದಿಷ್ಟು ದಪ್ಪಗಾಗುತ್ತಿದ್ದುದು ಸುಳ್ಳಲ್ಲ.

ಅಮ್ಮನಿಗೆ ಮಾತ್ರ ಇದು ನುಂಗಲಾರದ ತುತ್ತು. "ಏನವ್ವಾ, ಹುಡುಗ್ರು ಇಷ್ಟು ಸೊರಗ್ಯಾವೆ?" ಎಂದು ಅತ್ತೆ ನಮ್ಮ ರಟ್ಟೆ ಹಿಡಿದು ಕೇಳಿದಾಗಲೆಲ್ಲ ಅಮ್ಮನ ಮುಖ ಕೆಂಪಾಗುತ್ತಿತ್ತು.

ಹೀಗಿರುವಾಗ ಒಂದು ವರ್ಷ ಬಜೆಟ್ಟಿನಲ್ಲಿ ಸರ್ಕಾರ ತೆರಿಗೆಯ ಮಿತಿಯನ್ನು ಮೇಲಕ್ಕೆತ್ತಿತು. ಅಪ್ಪ ಪೇಪರನ್ನು ಎರಡು ಸಲ ಓದಿ, ಇನ್ನು ತಾನು ತೆರಿಗೆ ಕಟ್ಟುವವರ ಸಾಲಿನಲ್ಲಿಲ್ಲ ಎಂದು ಸಾರಿದ. ದನಿಯಲ್ಲಿ ಅರ್ಧ ಸಂತೋಷ, ಅರ್ಧ ಮಾನಭಂಗ. ಅಮ್ಮನದು ಪೂರ್ತಿ ಸಂತೋಷವೇ. ಮರುವರ್ಷ ಫೆಬ್ರವರಿ ಸಂಬಳ ಇಡಿಯಾಗಿ ಬಂದಾಗ ಅವಳು ಮೊದಲು ಒಂದು ಪಂಪ್ ಸ್ಟವ್ ಕೊಂಡಳು, ಆಮೇಲೆ ಗಟ್ಟಿ ಬೇಳೆಸಾರು ಮಾಡಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಬಡಿಸಿದಳು. ಶನಿವಾರಗಳು ಬಂದವು, ಹೋದವು. ಅತ್ತೆಯ ಊರಿನ ಹೆಸರನ್ನು ಯಾರೂ ಎತ್ತಲಿಲ್ಲ.

ಯುಗಾದಿ ಹತ್ತಿರ ಬಂದಿದ್ದಾಗ ಒಂದು ಮಧ್ಯಾಹ್ನ ಅತ್ತೆಯೇ ಬಂದಳು. ಕಂಕುಳಲ್ಲಿ ಕಾಲು ಕಟ್ಟಿದ ಹುಂಜ. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದನಂತೆ, ಅವನ ಜೊತೆ ದಾರಿಯುದ್ದಕ್ಕೂ ಜಗಳವಾಡಿಕೊಂಡು ಬಂದಿದ್ದಳು.

"ನೀವು ಬರಲಿಲ್ಲ. ಇದಾರ ಬರ್ಲಿ ಅಂತ ತಂದೆ" ಎಂದು ಹುಂಜವನ್ನು ನಡುಮನೆಯಲ್ಲಿ ಇಳಿಸಿದಳು. "ಎಲ್ರೂ ಚೆನ್ನಾಗಿದ್ದೀರಾ? ಯಾರಿಗೇನಾತೋ ಅಂತ ನಂಗೆ ನಿದ್ದೆ ಇಲ್ಲ."

ಅಮ್ಮ ಉತ್ಸಾಹದಿಂದ ಸ್ಟವ್ ಹಚ್ಚಿ ಕಾಫಿ ಕಾಯಿಸುತ್ತ ಎಲ್ಲವನ್ನೂ ಹೇಳಿದಳು. "ಈ ಸಲ ತೆರಿಗೆನೇ ಇಲ್ಲ ಅತ್ಗೆ! ಸಂಬಳ ಪೂರಾ ಬಂತು."

ಅತ್ತೆ ಅಪ್ಪನ ಕಡೆ ತಿರುಗಿದಳು. "ಹೌದೇನಪ್ಪ? ಪೂರಾ ಬಿಟ್ಬಿಟ್ರಾ?"

"ಹೂನಕ್ಕ, ಪೂರಾ."

"ಮುಂದಿನ ವರ್ಷಾನೂ ಇಲ್ವಾ?"

"ಇಲ್ಲಕ್ಕ."

ಅತ್ತೆ ಹುಂಜದ ಬೆನ್ನು ಸವರಿದಳು. "ಒಳ್ಳೇದಾತು ಬಿಡು, ನಿಮ್ಗೂ ಬಾಳ ತ್ರಾಸಿತ್ತು" ಅಂದಳು. ಆಮೇಲೆ ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ, "ಸ್ವಲ್ಪನಾರ ಇಟ್ಕಂಡಿದ್ರೆ ಆಗ್ತಿತ್ತು" ಅಂದಳು.

ನಾವು ಮಕ್ಕಳು ನಕ್ಕೆವು. ಅಪ್ಪ ನಗಲಿಲ್ಲ. ಉಳಿದುಕೊಳ್ಳೆಂದು ಎಷ್ಟು ಹೇಳಿದರೂ ಕೇಳದೆ ಅತ್ತೆ ಸಂಜೆಯ ಬಸ್ಸಿಗೇ ಹೊರಟುಹೋದಳು. ಅಪ್ಪ ಅವಳನ್ನು ಬಸ್ಸು ಹತ್ತಿಸಿ ಬಂದ.

ಮುಂದಿನ ಶನಿವಾರ ಶಾಲೆಯಿಂದ ಬಂದವನೇ "ಹೊರಡ್ರಿ, ಹೋಗಾಣ" ಅಂದ. ಡಬ್ಬಿ ತುಂಬ ಬೇಳೆಯಿರುವಾಗ ಯಾಕೆ ಹೋಗುವುದೆಂದು ಅಮ್ಮ ಕೇಳಿದಳು. ಅಪ್ಪ ಗೂಟದಲ್ಲಿದ್ದ ಖಾಲಿ ಚೀಲವನ್ನು ತೆಗೆದುಕೊಂಡ.

ಅತ್ತೆ ಅಂಗಳದಲ್ಲಿ ಕಾಳು ಕೇರುತ್ತಿದ್ದಳು. ನಮ್ಮನ್ನು ಕಂಡು ಮೊರವನ್ನು ಕೆಳಗಿಟ್ಟಳು. "ಏನಪ್ಪ ಹೆಡ್‌ಮಾಸ್ತ್ರೇ, ದಾರಿ ತಪ್ಪಿ ಬಂದ್ಯಾ?"

ಅಪ್ಪ ಕಾಲಿಗೆ ನೀರು ಹಾಕಿಕೊಳ್ಳುತ್ತ, ತಲೆ ಎತ್ತದೆ, "ಮತ್ತೆ ಹಾಕ್ಯಾರಕ್ಕ" ಅಂದ.

"ಏನು?"

"ಅದೇ, ತೆರಿಗೆ."

ಸುಳ್ಳು ಹೇಳಿದ ಹುಡುಗರನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದ ಮನುಷ್ಯ ಅವನು! ನನ್ನ ತಮ್ಮ ಬಾಯಿ ತೆರೆದ. ಅಮ್ಮ ಅವನ ತೊಡೆ ಚಿವುಟಿದಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಅತ್ತೆಯ ಮೇಲೆ ಅವಳಿಗಿದ್ದ ಸಿಟ್ಟು ಆವತ್ತೇ ಇಳಿದದ್ದಿರಬೇಕು.

"ಅವ್ರ ಮನೆ ಹಾಳಾಗ! ಬಿಟ್ಟಂಗೆ ಮಾಡಿ ಮತ್ತೆ ಹಾಕಿದ್ರಾ?" ಎಂದು ಅತ್ತೆ ಸರ್ಕಾರವನ್ನು ಬೈಯತೊಡಗಿದಳು. ಅಷ್ಟು ಖುಷಿಯಿಂದ ಯಾರಾದರೂ ಬೈಯುವುದನ್ನು ನಾನು ಮತ್ತೆ ಕೇಳಿಲ್ಲ. ಬೈಯುತ್ತಲೇ ಸೆರಗು ಸಿಕ್ಕಿಸಿಕೊಂಡು ಕೋಳಿಗೂಡಿನ ಕಡೆ ನಡೆದಳು.

ಆಮೇಲೆ ಸರ್ಕಾರ ತೆರಿಗೆಯ ಮಿತಿಯನ್ನು ಇನ್ನೂ ಏರಿಸಿತು. ಅಪ್ಪ ಪ್ರತಿ ಮಾರ್ಚಿನಲ್ಲೂ ಖಾಲಿ ಚೀಲ ಹಿಡಿದು ಹೊರಡುತ್ತಲೇ ಇದ್ದ. ಅತ್ತೆ ನಂಬಿದ್ದಳೋ, ನಂಬಿದ ಹಾಗೆ ನಟಿಸಿದ್ದಳೋ, ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಅಪ್ಪ ರಿಟೈರಾದ ವರ್ಷ ಅವಳೇ ಒಮ್ಮೆ ಸಾರು ಬಡಿಸುತ್ತ ಕೇಳಿದಳು.

"ಈಗ್ಲಾರ ಬಿಟ್ರೇನಪ್ಪ ನಿನ್ನ?"

"ಎಲ್ಲಿ ಬಿಡ್ತಾರಕ್ಕ" ಅಂದ ಅಪ್ಪ, ಮುದ್ದೆ ಮುರಿಯುತ್ತ.